ಚೊಚ್ಚಲ ಬಸುರಿಗೆ ಹೇಳುವವರು ನೂರು, ಕೇಳಿಸಿಕೊಳ್ಳುವವರು ಯಾರು?

ಹೊಸದಾಗಿ ಬಸುರಾದ ಹೆಣ್ಣಿನ ಮನೆಗೆ ಕಾಲಿಟ್ಟವರೆಲ್ಲ ವೈದ್ಯರೇ. ಪಪ್ಪಾಯಿ ಮುಟ್ಟಬೇಡ ಎಂದು ಒಬ್ಬರು, ಕೇಸರಿ ಹಾಕಿದ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂದು ಇನ್ನೊಬ್ಬರು. ಗ್ರಹಣದ ದಿನ ಹೊಸ್ತಿಲು ದಾಟಬೇಡ, ಕೈಗೆ ಕತ್ತರಿ ತೆಗೆದುಕೊಳ್ಳಬೇಡ ಎಂದು ಪಕ್ಕದ ಮನೆಯವರು. ಆಸ್ಪತ್ರೆಗೆ ಹೋದರೆ ಅಲ್ಲಿನ ಪಟ್ಟಿಯೇ ಬೇರೆ. ಈ ಗುಳಿಗೆ ರಾತ್ರಿ, ಆ ಗುಳಿಗೆ ಬೆಳಿಗ್ಗೆ, ಮುಂದಿನ ತಿಂಗಳು ರಕ್ತ ಪರೀಕ್ಷೆ, ಅದಾದ ಮೇಲೆ ಸ್ಕ್ಯಾನಿಂಗ್. ರಾತ್ರಿ ಮೊಬೈಲ್ ತೆರೆದರೆ ಯೂಟ್ಯೂಬ್‌ನಲ್ಲಿ ಮೂರನೆಯ ಪಟ್ಟಿ ಕಾದಿರುತ್ತದೆ. ಇಷ್ಟು ಸಲಹೆಗಳ ನಡುವೆ ಅವಳಿಗೆ ನಿಜವಾಗಿ ಬೇಕಾದ ಉತ್ತರ ಒಂದೇ: ತನ್ನ ಮೈಯಲ್ಲಿ ಆಗುತ್ತಿರುವುದು ಸಹಜವೋ, ಅಲ್ಲವೋ?

ಎರಡನೆಯ ಸಲ ಬಸುರಾದವಳಿಗೆ ಹೋಲಿಸಿ ನೋಡಲು ಹಿಂದಿನ ಅನುಭವವಿರುತ್ತದೆ. ‘ಹೋದ ಸಲವೂ ಕಾಲು ಹೀಗೇ ಊದಿತ್ತು’, ‘ಹೋದ ಸಲ ಇಷ್ಟು ತಲೆನೋವಿರಲಿಲ್ಲ’ ಎಂದು ಅವಳು ಹೇಳಬಲ್ಲಳು. ಚೊಚ್ಚಲ ಬಸುರಿಗೆ ಆ ಅಳತೆಗೋಲು ಇಲ್ಲ. ಮಗುವಿನ ಮೊದಲ ಮಿಸುಕಾಟವನ್ನೂ ಅವಳು ಗ್ಯಾಸ್ ಇರಬೇಕು ಅಂದುಕೊಂಡು ಬಿಡುವುದುಂಟು. ಮೊದಲ ಬಸಿರಿನಲ್ಲಿ ಅದು ಗೊತ್ತಾಗುವುದು ಸಾಮಾನ್ಯವಾಗಿ 18ರಿಂದ 20 ವಾರಗಳ ಹೊತ್ತಿಗೆ. ನಂತರದ ಬಸಿರುಗಳಲ್ಲಿ ಇನ್ನೂ ಮೊದಲೇ ತಿಳಿಯುತ್ತದೆ. ಮಿಸುಕಾಟ ಬದಲಾಗಿರುವುದಿಲ್ಲ, ಗುರುತಿಸುವ ಮನಸ್ಸು ಬದಲಾಗಿರುತ್ತದೆ.

ಕರ್ನಾಟಕದ ಮಟ್ಟಿಗೆ ಈ ಮಾತಿಗೆ ಇನ್ನೂ ಒಂದು ತೂಕವಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಸೂಲಗಿತ್ತಿಯನ್ನು ಕರೆತರಲು ಕಂದೀಲು ಹಿಡಿದು ಓಡುತ್ತಿದ್ದ ಕಾಲ ಹಿಂದಾಯಿತು. ಆದರೂ 2018–20ರ ಅಂಕಿಅಂಶದಂತೆ ಇಲ್ಲಿ ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಅದೇ ಅವಧಿಯಲ್ಲಿ ತಮಿಳುನಾಡಿನಲ್ಲಿ 54, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಆಸ್ಪತ್ರೆಯ ಬಾಗಿಲವರೆಗೆ ಹೆಂಗಸರನ್ನು ಕರೆತಂದಿದ್ದೇವೆ. ಆ ಬಾಗಿಲು ತಲುಪುವ ಮುಂಚಿನ ಎಂಟೊಂಬತ್ತು ತಿಂಗಳಲ್ಲಿ, ಬಾಗಿಲ ಒಳಗೆ, ಮನೆಗೆ ಮರಳಿದ ಮೇಲೆ ಏನಾಗುತ್ತಿದೆ ಎಂಬುದು ಈಗಿನ ಪ್ರಶ್ನೆ.

ಕಾರ್ಡ್ ಇದೆ, ಓದಿ ಹೇಳುವವರಿಲ್ಲ

ಬಸಿರು ನೋಂದಾಯಿಸಿದ ಪ್ರತಿ ಹೆಣ್ಣಿಗೂ ತಾಯಿ ಕಾರ್ಡ್ ಸಿಗುತ್ತದೆ. ತೂಕ, ಬಿ.ಪಿ., ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ರಕ್ತದ ಗುಂಪು, ಚುಚ್ಚುಮದ್ದು ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಬಹಳ ಮನೆಗಳಲ್ಲಿ ಈ ಕಾರ್ಡ್ ಪ್ಲಾಸ್ಟಿಕ್ ಕವರಿನೊಳಗೆ, ಬೀರುವಿನಲ್ಲಿ, ರೇಷನ್ ಕಾರ್ಡಿನ ಜೊತೆ ಭದ್ರವಾಗಿರುತ್ತದೆ. ಸರ್ಕಾರದ ದುಡ್ಡು ಬರಬೇಕಾದರೆ ಬೇಕಾಗುವ ಕಾಗದ ಎಂದೇ ಅದನ್ನು ಎಣಿಸಲಾಗುತ್ತದೆ. ಅದು ತನ್ನ ದೇಹದ ಲೆಕ್ಕದ ಪುಸ್ತಕ ಎಂದು ಬಸುರಿಗೆ ಯಾರೂ ಕೂತು ತಿಳಿಸಿ ಹೇಳಿರುವುದಿಲ್ಲ.

ನಮ್ಮಲ್ಲಿ ಕನಿಷ್ಠ ನಾಲ್ಕು ತಪಾಸಣೆ ಆಗಲೇಬೇಕೆಂಬ ನಿಯಮವಿದೆ. ಮೊದಲನೆಯದು 12 ವಾರದೊಳಗೆ, ಎರಡನೆಯದು 14ರಿಂದ 26 ವಾರದ ನಡುವೆ, ಮೂರನೆಯದು 28ರಿಂದ 34 ವಾರದ ನಡುವೆ, ನಾಲ್ಕನೆಯದು 36 ವಾರ ಕಳೆದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇದನ್ನು ಎಂಟಕ್ಕೆ ಏರಿಸಲು ಸೂಚಿಸಿತು. ಪ್ರತಿ ಭೇಟಿಗೂ ಒಂದು ಕಾರಣವಿದೆ. ಆ ಕಾರಣ ಗೊತ್ತಾದರೆ ಯಾವ ಭೇಟಿಯನ್ನು ತಪ್ಪಿಸಬಾರದು ಎಂಬುದು ತಾನಾಗಿ ಅರ್ಥವಾಗುತ್ತದೆ.

ಬಿ.ಪಿ. ಪಟ್ಟಿಯನ್ನು ಪ್ರತಿ ಸಲವೂ ಕೈಗೆ ಸುತ್ತುವುದು ಯಾಕೆ? 20 ವಾರದ ನಂತರ ರಕ್ತದೊತ್ತಡ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಕೈಮೀರಿದರೆ ಫಿಟ್ಸ್ ಬರುತ್ತದೆ, ತಾಯಿ ಮಗು ಇಬ್ಬರಿಗೂ ಅಪಾಯ. ಇದು ಹೆಚ್ಚಾಗಿ ಕಾಣುವುದು ಮೊದಲ ಬಸಿರಿನಲ್ಲೇ. ಶುರುವಿನಲ್ಲಿ ಯಾವ ನೋವೂ ಇಲ್ಲದಿರಬಹುದು. ಅದಕ್ಕೇ ‘ನನಗೇನೂ ಆಗಿಲ್ಲ, ಈ ತಿಂಗಳು ಹೋಗದಿದ್ದರೆ ನಡೆಯುತ್ತದೆ’ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ.

ಶುಗರ್ ಪರೀಕ್ಷೆಯ ಕಥೆಯೂ ಇಂಥದ್ದೇ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. ಸಕ್ಕರೆ ಅಂಶ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸಿರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲಿ ಸರಿಯಿದ್ದರೂ 24–28 ವಾರದಲ್ಲಿ ಮತ್ತೆ ನೋಡಬೇಕು. ‘ನಮ್ಮ ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ’ ಎಂದು ಆ ಎರಡು ಗಂಟೆ ಕಾಯದೆ ಮನೆಗೆ ಹೊರಡುವವರಿದ್ದಾರೆ. ಕಾಯಿಸುವ ಮುನ್ನ ಯಾಕೆ ಕಾಯಬೇಕು ಎಂದು ಒಂದು ಮಾತು ಹೇಳಿದ್ದರೆ ಅರ್ಧದಷ್ಟಾದರೂ ಮಂದಿ ಕೂತಿರುತ್ತಿದ್ದರು.

ಮೊದಲ ಬಸಿರಿನಲ್ಲೇ ಗಮನಿಸಬೇಕಾದ ಇನ್ನೊಂದು ಸಾಲು ರಕ್ತದ ಗುಂಪಿನದು. ತಾಯಿಯದು ನೆಗೆಟಿವ್ ಗುಂಪಾಗಿ, ಮಗುವಿನದು ಪಾಸಿಟಿವ್ ಆದರೆ ಮೊದಲ ಮಗುವಿಗೆ ಬಹುತೇಕ ತೊಂದರೆಯಾಗುವುದಿಲ್ಲ. ಪೆಟ್ಟು ಬೀಳುವುದು ಮುಂದಿನ ಮಗುವಿಗೆ. ಅದನ್ನು ತಪ್ಪಿಸಲು ಹೆರಿಗೆಯಾದ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಕೊಡಬೇಕು. ಗರ್ಭಪಾತವಾದರೂ ಇದೇ ಎಚ್ಚರ ಬೇಕು. ಮೊದಲ ಬಸಿರಿನಲ್ಲಿ ಮರೆತ ಒಂದು ಸೂಜಿಯ ಬೆಲೆ ಎರಡನೆಯ ಬಸಿರಿನಲ್ಲಿ ಗೊತ್ತಾಗುತ್ತದೆ.

ಗುಳಿಗೆ ಡಬ್ಬಿಯಲ್ಲಿ ಉಳಿಯುವುದೇಕೆ?

ಕಾರಣ ಹೇಳದ ಸಲಹೆ ಹೇಗೆ ಸೋಲುತ್ತದೆ ಎಂದು ನೋಡಬೇಕಾದರೆ ಕಬ್ಬಿಣಾಂಶದ ಗುಳಿಗೆಯನ್ನು ನೋಡಿದರೆ ಸಾಕು. ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಪ್ರತಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ದುಡ್ಡು ಕೊಡಬೇಕಿಲ್ಲ, ಆಶಾ ಕಾರ್ಯಕರ್ತೆ ಮನೆಬಾಗಿಲಿಗೇ ತಂದುಕೊಡುತ್ತಾರೆ. ಆದರೂ ರಾಜ್ಯದ ಬಸುರಿಯರಲ್ಲಿ ಶೇ 45ರ ಆಸುಪಾಸು ಮಂದಿಗೆ ರಕ್ತಹೀನತೆ ಇದೆ. ದೇಶದ ಸರಾಸರಿ ಶೇ 52.

ಗುಳಿಗೆ ನಿಲ್ಲಿಸುವುದಕ್ಕೆ ಅವಳಿಗೆ ತನ್ನದೇ ಕಾರಣಗಳಿವೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಮಲಬದ್ಧತೆ ಕಾಡುತ್ತದೆ. ಮಲ ಕಪ್ಪಾದದ್ದನ್ನು ಕಂಡು ಏನೋ ಕೆಟ್ಟದಾಯಿತೆಂದು ಹೆದರಿ ನಿಲ್ಲಿಸುವವರು ಎಷ್ಟೋ. ಅದರ ಮೇಲೆ ಮನೆಯ ಹಿರಿಯರ ಅನುಮಾನ ಬೇರೆ. ‘ಇಷ್ಟು ಗುಳಿಗಿ ನುಂಗಿದ್ರ ಕೂಸು ದಪ್ಪಾಗಿ ಹೆರಿಗಿ ಕಷ್ಟ ಆಗೂದಿಲ್ಲೇನ್ರಿ?’ ಎಂದು ಉತ್ತರ ಕರ್ನಾಟಕದ ಅತ್ತೆ ಕೇಳಿದರೆ ಅದನ್ನು ಮೌಢ್ಯ ಎಂದು ತಳ್ಳಿಹಾಕುವಂತಿಲ್ಲ. ಹೆರಿಗೆಯಲ್ಲಿ ಜೀವ ಹೋದದ್ದನ್ನು ಕಣ್ಣಾರೆ ಕಂಡ ತಲೆಮಾರಿನ ಭಯ ಅದು. ಮಗು ಸಣ್ಣದಿದ್ದರೆ ಸಲೀಸು ಎಂಬ ಲೆಕ್ಕ ಆ ಭಯದಿಂದ ಹುಟ್ಟಿದ್ದು.

ಆ ಭಯಕ್ಕೆ ಉತ್ತರ ಕೊಡಬೇಕಾದರೆ ಹೀಗೆ ಹೇಳಬೇಕು. ಬಸುರಾದಾಗ ಮೈಯಲ್ಲಿ ಹರಿಯುವ ರಕ್ತದ ಪ್ರಮಾಣ ಹೆಚ್ಚೂಕಡಿಮೆ ಅರ್ಧದಷ್ಟು ಏರುತ್ತದೆ. ಅದರಲ್ಲಿ ನೀರಿನ ಭಾಗ ಬೇಗ ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ವೇಗವಾಗಿ ಹೆಚ್ಚುವುದಿಲ್ಲ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ, 7ಕ್ಕಿಂತ ಕೆಳಗಾದರೆ ತೀವ್ರ. ಹೆರಿಗೆಯ ಹೊತ್ತಿಗೆ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ರಕ್ತ ತುಂಬಿಕೊಂಡವಳು ಅದನ್ನು ತಡೆದುಕೊಳ್ಳುತ್ತಾಳೆ. ಮೊದಲೇ ಬಸವಳಿದವಳಿಗೆ ಅದೇ ಪ್ರಮಾಣ ಪ್ರಾಣಕ್ಕೆ ಕುತ್ತಾಗಬಹುದು. ಹೆರಿಗೆಯ ನಂತರದ ರಕ್ತಸ್ರಾವ ಇವತ್ತಿಗೂ ತಾಯಂದಿರ ಸಾವಿನ ದೊಡ್ಡ ಕಾರಣ. ಗುಳಿಗೆ ಕೂಸನ್ನು ದಪ್ಪ ಮಾಡುವುದಕ್ಕಲ್ಲ, ತಾಯಿ ಆ ದಿನ ಉಳಿಯುವುದಕ್ಕೆ. ಇಷ್ಟು ಹೇಳಿದರೆ ಅದೇ ಅತ್ತೆ ಸೊಸೆಗೆ ಗುಳಿಗೆ ನೆನಪಿಸುವವಳಾಗುತ್ತಾಳೆ.

ಉಳಿದದ್ದು ಸಣ್ಣ ಸಣ್ಣ ಉಪಾಯಗಳು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳುವುದು. ಚಹಾ ಕಾಫಿ ಜೊತೆ ಬೇಡ, ಅವು ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಒಳ್ಳೆಯದು. ಕ್ಯಾಲ್ಸಿಯಂ ಗುಳಿಗೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಮಲ ಕಪ್ಪಾಗುವುದು ಸಹಜ ಎಂಬ ಒಂದು ಮಾತನ್ನು ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಜಗಳ ಮುಗಿದಂತೆ.

ಕೊನೆಯಲ್ಲಿ ಉಣ್ಣುವವಳು

‘ಇಬ್ಬರಿಗಾಗುವಷ್ಟು ಉಣ್ಣು’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಲೆಕ್ಕ ಹಾಕಿದರೆ ಬಸುರಿಗೆ ದಿನಕ್ಕೆ ಬೇಕಾಗುವುದು ಸುಮಾರು 350 ಕ್ಯಾಲರಿ ಹೆಚ್ಚು. ಒಂದು ರಾಗಿ ಮುದ್ದೆ, ಜೊತೆಗೆ ಸೊಪ್ಪಿನ ಸಾರು, ಒಂದು ಮೊಟ್ಟೆಯಲ್ಲಿ ಅದು ಸಿಕ್ಕಿಬಿಡುತ್ತದೆ. ರಾಗಿಯ ಬಗ್ಗೆ ನಮ್ಮವರಿಗೆ ಹೊಸದಾಗಿ ಹೇಳಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ.

ಏನು ಉಣ್ಣಬೇಕು ಎಂಬುದಕ್ಕಿಂತ ಗಟ್ಟಿಯಾದ ಪ್ರಶ್ನೆ ಯಾವಾಗ, ಯಾರ ನಂತರ ಉಣ್ಣುತ್ತಾಳೆ ಎಂಬುದು. ಚೊಚ್ಚಲ ಬಸುರಿ ಹೆಚ್ಚಿನ ಮನೆಗಳಲ್ಲಿ ಹೊಸ ಸೊಸೆಯೂ ಹೌದು. ಮನೆಮಂದಿಗೆಲ್ಲ ಬಡಿಸಿ, ತಳದಲ್ಲಿ ಉಳಿದ ಸಾರಿನಲ್ಲಿ ಅವಳ ಊಟ. ಹಸಿವಾಯಿತೆಂದು ಹನ್ನೊಂದು ಗಂಟೆಗೆ ಒಳಗೆ ಹೋಗಿ ಏನಾದರೂ ತೆಗೆದುಕೊಂಡು ತಿನ್ನುವ ಸಲಿಗೆ ಇನ್ನೂ ಬಂದಿರುವುದಿಲ್ಲ. ಇಂಥವಳಿಗೆ ಪೌಷ್ಟಿಕ ಆಹಾರದ ಚಾರ್ಟ್ ಕೊಟ್ಟು ಕಳಿಸಿದರೆ ಆ ಚಾರ್ಟ್ ಯಾರಿಗೆ ಸೇರಬೇಕೋ ಅವರಿಗೆ ಸೇರಲಿಲ್ಲ ಎಂದೇ ಅರ್ಥ. ಅದು ಅಡುಗೆಮನೆಯ ಯಜಮಾನಿಕೆ ಇರುವವರ ಕೈಗೆ ಹೋಗಬೇಕು.

2017ರ ಅಕ್ಟೋಬರ್ 2ರಂದು ಕರ್ನಾಟಕ ‘ಮಾತೃಪೂರ್ಣ’ ಯೋಜನೆಯನ್ನು ರಾಜ್ಯದಾದ್ಯಂತ ತಂದಾಗ ಇದೇ ಗಂಟನ್ನು ಬಿಡಿಸುವ ಪ್ರಯತ್ನವಿತ್ತು. ಮನೆಗೆ ರೇಷನ್ ಕೊಟ್ಟರೆ ಅದು ಎಲ್ಲರ ತಟ್ಟೆಗೂ ಹಂಚಿಹೋಗುತ್ತದೆ, ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸಿದರೆ ಬಸುರಿ ಬಾಣಂತಿಯರ ಹೊಟ್ಟೆಗೇ ಸೇರುತ್ತದೆ ಎಂಬ ವಿಚಾರ. ಅನ್ನ, ಸಾರು, ಪಲ್ಯ, ಹಾಲು, ಮೊಟ್ಟೆ, ಶೇಂಗಾ ಚಿಕ್ಕಿ, ಅಲ್ಲೇ ಗುಳಿಗೆ. ವಿಚಾರ ಸರಿಯಾಗಿತ್ತು. ಆದರೆ ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕು. ತುಂಬಿದ ಹೊಟ್ಟೆ ಹೊತ್ತು ದಿನಾ ಅಂಗನವಾಡಿಗೆ ನಡೆಯುವುದು ಸುಲಭವಲ್ಲ. ಇನ್ನು ಕೆಲವು ಮನೆಗಳಲ್ಲಿ ಬಸುರಿ ಹೊರಗೆ ಕೂತು ಉಣ್ಣುವುದು, ಹತ್ತು ಜನರ ದೃಷ್ಟಿ ಬೀಳುವುದು ಇಷ್ಟವಿಲ್ಲ. ಹೊಲದ ಕೂಲಿಗೆ ಹೋಗುವವಳಿಗೆ ಊಟದ ಹೊತ್ತಿಗೆ ವಾಪಸಾಗಲು ಆಗುವುದಿಲ್ಲ. ಒಳ್ಳೆಯ ಯೋಜನೆಯೂ ಅವಳ ದಿನಚರಿಯನ್ನು ಕೇಳದೆ ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಹೊರಡುವ ನಿರ್ಧಾರ ಯಾರದು?

ತಾಯಂದಿರ ಸಾವುಗಳ ಬಗ್ಗೆ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ಬರೆದ ಲೇಖನದ ‘ಮೂರು ವಿಳಂಬ’ಗಳ ಮಾತು ಈ ಕ್ಷೇತ್ರದವರಿಗೆಲ್ಲ ಬಾಯಿಪಾಠ. ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವುದರಲ್ಲಿ ತಡ, ಆಸ್ಪತ್ರೆ ತಲುಪುವುದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. 108 ಆಂಬುಲೆನ್ಸ್ ಎರಡನೆಯದನ್ನು ಸಾಕಷ್ಟು ಕಡಿಮೆ ಮಾಡಿದೆ. ಮೊದಲನೆಯದು ಮನೆಯೊಳಗಿನದು, ಅದಕ್ಕೆ ಸೈರನ್ ಇಲ್ಲ.

ಮೊದಲ ಬಸಿರಿನವಳು ಈ ಹಂತದಲ್ಲೇ ಹಿಂದೆ ಬೀಳುತ್ತಾಳೆ. ತಲೆನೋವನ್ನು ಹೇಳಿಕೊಂಡರೆ ‘ಕೆಲಸ ತಪ್ಪಿಸಲು ನೆಪ’ ಅಂದಾರೆಂಬ ಅಳುಕು. ಬಟ್ಟೆ ಒದ್ದೆಯಾದರೆ ಅದು ಮೂತ್ರವೋ, ಗರ್ಭದ ನೀರೋ ಎಂದು ಯಾರನ್ನು ಕೇಳುವುದು ಎಂಬ ನಾಚಿಕೆ. ಅತ್ತೆ ಹೊಲದಿಂದ ಬರಲಿ, ಗಂಡ ಡ್ಯೂಟಿ ಮುಗಿಸಲಿ ಎಂದು ಗಂಟೆಗಳು ಕಳೆಯುತ್ತವೆ. ಹಾಗಾಗಿ ಕೆಳಗಿನ ಲಕ್ಷಣಗಳು ಬಸುರಿಗಷ್ಟೇ ಗೊತ್ತಿದ್ದರೆ ಸಾಲದು, ಮನೆಯಲ್ಲಿ ಎಲ್ಲರಿಗೂ ಗೊತ್ತಿರಬೇಕು. ಇವುಗಳಲ್ಲಿ ಒಂದು ಕಂಡರೂ ಯಾರ ಅನುಮತಿಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು:

- ಯೋನಿಯಿಂದ ರಕ್ತಸ್ರಾವ, ಎಷ್ಟೇ ಕಡಿಮೆ ಇದ್ದರೂ
- ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಯ ಕೆಳಗೆ ತೀವ್ರ ನೋವು
- ಮುಖ, ಕೈ ಏಕಾಏಕಿ ಊದಿಕೊಳ್ಳುವುದು
- ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು
- ಮಗುವಿನ ಮಿಸುಕಾಟ ಕಡಿಮೆಯಾಗುವುದು ಅಥವಾ ನಿಲ್ಲುವುದು
- ನೋವು ಶುರುವಾಗುವ ಮೊದಲೇ ನೀರು ಹೋಗುವುದು
- ಜ್ವರ, ಉಸಿರಾಟಕ್ಕೆ ಕಷ್ಟ, ಕೂತಲ್ಲೇ ಏದುಸಿರು
- ಏನು ತಿಂದರೂ ಕುಡಿದರೂ ನಿಲ್ಲದ ವಾಂತಿ

ಹೋದ ಮೇಲೆ ‘ಏನೂ ಇಲ್ಲ, ಮನೆಗೆ ಹೋಗಿ’ ಎಂದು ವೈದ್ಯರು ಹೇಳಿದರೆ ಅದು ನಷ್ಟದ ಪ್ರಯಾಣವಲ್ಲ. ಸುಮ್ಮನೆ ಹೋಗಿ ಬಂದೆವಲ್ಲ ಎಂದು ಮನೆಯವರು ಒಮ್ಮೆ ಗೊಣಗಿದರೆ, ಮುಂದಿನ ಸಲ ನಿಜವಾದ ಅಪಾಯ ಬಂದಾಗಲೂ ಅವಳು ಬಾಯಿ ಬಿಡುವುದಿಲ್ಲ.

ತವರಿನ ದಾರಿಯಲ್ಲಿ ಕಡಿಯುವ ಕೊಂಡಿ

ಮೊದಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ಊರೂರಿನ ರೂಢಿ. ಉತ್ತರ ಕರ್ನಾಟಕದಲ್ಲಿ ಕುಬಸ, ದಕ್ಷಿಣದಲ್ಲಿ ಸೀಮಂತ. ಹಸಿರು ಬಳೆ ತೊಡಿಸಿ, ಬಯಕೆಯ ಊಟ ಬಡಿಸಿ, ಏಳರಲ್ಲೋ ಒಂಬತ್ತರಲ್ಲೋ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಈ ರೂಢಿಯ ಹಿಂದೆ ಬುದ್ಧಿವಂತಿಕೆ ಇದೆ. ಹೆದರಿದ ಮಗಳು ‘ಅವ್ವಾ, ಹೊಟ್ಟೆ ಬಿಗಿಯುತ್ತಿದೆ’ ಎಂದು ಸಂಕೋಚವಿಲ್ಲದೆ ಹೇಳುವ ಜಾಗ ಅದು. ಹಸಿವಾದರೆ ಕೇಳಿ ಉಣ್ಣುವ, ಮಧ್ಯಾಹ್ನ ಮಲಗುವ ಸಲಿಗೆಯೂ ಅಲ್ಲಿದೆ.

ಆರೋಗ್ಯ ವ್ಯವಸ್ಥೆಯ ಕಣ್ಣಿನಿಂದ ನೋಡಿದರೆ ಅದೇ ದಾರಿಯಲ್ಲಿ ಒಂದು ಕೊಂಡಿ ಕಡಿಯುತ್ತದೆ. ಆರು ತಿಂಗಳು ಅವಳನ್ನು ನೋಡಿದ ಆಶಾ ಕಾರ್ಯಕರ್ತೆ, ದಾದಿ, ವೈದ್ಯೆ ಎಲ್ಲರೂ ಗಂಡನ ಊರಿನಲ್ಲಿ. ತವರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಬಿ.ಪಿ. ಏರುವ, ರಕ್ತ ಕಡಿಮೆಯಾದದ್ದು ಗೊತ್ತಾಗುವ ಕೊನೆಯ ಮೂರು ತಿಂಗಳಲ್ಲೇ ಅವಳು ಎರಡು ಊರುಗಳ ನಡುವೆ ಯಾರ ಲೆಕ್ಕಕ್ಕೂ ಸಿಗದೆ ಉಳಿಯುವ ಸಂಭವವಿದೆ.

ಕೊಂಡಿ ಹಾಕುವುದು ಕಷ್ಟವೇನಲ್ಲ. ಸೀಮಂತದ ಸೀರೆಯ ಜೊತೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು, ಉಳಿದ ಗುಳಿಗೆಗಳು ಚೀಲ ಸೇರಬೇಕು. ತವರು ತಲುಪಿದ ವಾರದೊಳಗೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವಿಶೇಷ ತಪಾಸಣೆ ಇರುತ್ತದೆ. 2016ರಲ್ಲಿ ಶುರುವಾದ ಸುರಕ್ಷಿತ ಮಾತೃತ್ವ ಅಭಿಯಾನದ ಈ ದಿನ ಯಾವ ಊರಿನವಳೆಂದು ಕೇಳದೆ ನೋಡುತ್ತಾರೆ. ಆಗಲೇ ಕೇಳಿ ತಿಳಿಯಬೇಕಾದ ಪ್ರಶ್ನೆ: ನಡುರಾತ್ರಿ ಸಿಸೇರಿಯನ್ ಬೇಕಾದರೆ ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿ ಆಗುತ್ತದೆ, ಅಲ್ಲಿ ರಕ್ತ ಸಿಗುತ್ತದೆಯೇ? ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಊಟ, ವಾಹನ ಎಲ್ಲವೂ ಉಚಿತವಾಗಿರಬೇಕೆಂಬುದು 2011ರಿಂದ ಜಾರಿಯಲ್ಲಿರುವ ನಿಯಮ. ಮೊದಲ ಮಗುವಿಗೆ ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ 5,000 ರೂಪಾಯಿಯೂ ಇದೆ. ಅದಕ್ಕೆ ಅರ್ಜಿ ಹಾಕುವ ಜಾಗ ಅಂಗನವಾಡಿ.

ಹೆರಿಗೆ ಕೋಣೆಯೊಳಗೆ

ಹೆರಿಗೆಯ ಬಗ್ಗೆ ಚೊಚ್ಚಲ ಬಸುರಿ ಕೇಳಿರುವುದು ಎರಡೇ ರೀತಿಯ ಕಥೆ. ಒಂದು, ಜೀವ ಹೋಗಿ ಬಂದ ಕಥೆ. ಇನ್ನೊಂದು, ಸಿನಿಮಾದಲ್ಲಿ ಒಂದು ಕೂಗಿನೊಂದಿಗೆ ಮುಗಿದುಹೋಗುವ ಕಥೆ. ಎರಡರಲ್ಲೂ ಗಡಿಯಾರವಿಲ್ಲ. ಮೊದಲ ಹೆರಿಗೆ ನಿಧಾನ. ಗರ್ಭದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೆ ಪೂರ್ತಿ ತೆರೆಯಲು 12 ಗಂಟೆಯವರೆಗೆ ಹಿಡಿಯಬಹುದು, ಆಮೇಲೆ ಮಗು ಹೊರಬರಲು ಮೂರು ಗಂಟೆಯವರೆಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದಕ್ಕೂ ಮುಂಚಿನ ಸಣ್ಣ ಸಣ್ಣ ಬೇನೆಗಳ ಅವಧಿಗೆ ಹೀಗೇ ಎಂಬ ಲೆಕ್ಕವಿಲ್ಲ. ಇದು ಮೊದಲೇ ಗೊತ್ತಿದ್ದರೆ ನಾಲ್ಕು ಗಂಟೆ ಕಳೆಯುತ್ತಿದ್ದಂತೆ ‘ಏನೋ ಆಗಿಬಿಟ್ಟಿದೆ’ ಎಂದು ಅವಳೂ ಗಾಬರಿಯಾಗುವುದಿಲ್ಲ, ಹೊರಗೆ ಕಾಯುವವರೂ ‘ಆಪರೇಷನ್ ಮಾಡಿಬಿಡಿ’ ಎಂದು ವೈದ್ಯರನ್ನು ಪೀಡಿಸುವುದಿಲ್ಲ. ವೈದ್ಯರು ಕೊಟ್ಟ ತಾರೀಖು ಕೂಡ ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳಿದ ಆ ದಿನವೇ ಹುಟ್ಟುವ ಮಕ್ಕಳು ಬಹಳ ಕಡಿಮೆ.

ಬೇನೆಯ ಹೊತ್ತಿನಲ್ಲಿ ಪರಿಚಿತ ಹೆಂಗಸೊಬ್ಬಳು ಪಕ್ಕದಲ್ಲಿದ್ದರೆ ಹೆರಿಗೆ ಸುಗಮವಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಿಂದ ಖಚಿತವಾಗಿದೆ. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಲು ಒಪ್ಪಿಗೆ ಕೊಟ್ಟಿದೆ. ಒಂದೇ ಕೋಣೆಯಲ್ಲಿ ಹಲವು ಮಂಚಗಳಿರುವ ಕಡೆ ಇದು ಕಷ್ಟವೆಂದು ಸಿಬ್ಬಂದಿ ಹೇಳುವುದುಂಟು, ಅದರಲ್ಲಿ ನಿಜವೂ ಇದೆ. ಮರೆಗೊಂದು ಪರದೆ ಇದ್ದರೆ ಎಷ್ಟೋ ಕಡೆ ಆ ಕಷ್ಟ ನೀಗುತ್ತದೆ. ಜೊತೆಗೆ ಬರುವವರಾರು ಎಂದು ಮೊದಲೇ ನಿರ್ಧರಿಸಿ, ಆಸ್ಪತ್ರೆಯಲ್ಲಿ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲು ಬರುವ ಹಳದಿ ಬಣ್ಣದ ಗಟ್ಟಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಸೋಂಕಿನ ವಿರುದ್ಧ ಮಗುವಿಗೆ ಸಿಗುವ ಮೊದಲ ರಕ್ಷಣೆಯೇ ಅದು. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಅಪಾಯಕಾರಿಯೂ ಹೌದು. ಮೊದಲ ಎರಡು ಮೂರು ದಿನ ಹಾಲು ಕಡಿಮೆ ಬರುವುದು ಸಹಜ, ಕೂಸಿನ ಪುಟ್ಟ ಹೊಟ್ಟೆಗೆ ಅದು ಸಾಕು. ‘ಹಾಲೇ ಇಲ್ಲ’ ಎಂಬ ಒಂದು ಮಾತು ಹೊಸ ತಾಯಿಯ ಧೈರ್ಯವನ್ನು ಕುಗ್ಗಿಸುವಷ್ಟು ಬೇರೇನೂ ಕುಗ್ಗಿಸಲಾರದು.

‘ಮಗು ಚೆನ್ನಾಗಿದೆಯಲ್ಲ, ಇನ್ನೇನು ಅಳು?’

ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ರೇಗುವುದು ಬಹಳ ಬಾಣಂತಿಯರಲ್ಲಿ ಕಾಣುತ್ತದೆ. ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದರೆ, ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, ಬದುಕು ಸಾಕೆನಿಸಿದರೆ ಅದು ಖಿನ್ನತೆ. 2017ರಲ್ಲಿ ಪ್ರಕಟವಾದ, ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ ಇದರ ಪ್ರಮಾಣ ಶೇ 22. ಐವರು ತಾಯಂದಿರಲ್ಲಿ ಒಬ್ಬರು! ಬಸಿರಿನಲ್ಲೇ ಇದು ಶುರುವಾಗುವುದೂ ಉಂಟು.

ನಮ್ಮ ಹಿರಿಯರಿಗೆ ‘ಬಾಣಂತಿ ಸನ್ನಿ’ ಗೊತ್ತಿತ್ತು. ಅಸಂಬದ್ಧ ಮಾತು, ಭ್ರಮೆ, ಮಗುವಿಗೆ ಹಾನಿ ಮಾಡುವಂಥ ವರ್ತನೆ ಇರುವ ಈ ಸ್ಥಿತಿ ಅಪರೂಪ, ತುರ್ತು ಚಿಕಿತ್ಸೆ ಬೇಕಾದದ್ದು. ಕಣ್ಣಿಗೆ ಕಾಣುವ ಸನ್ನಿಗೆ ಹೆಸರಿತ್ತು, ಒಳಗೇ ಕೊರೆಯುವ ಖಿನ್ನತೆ ಯಾರ ಗಮನಕ್ಕೂ ಬೀಳುತ್ತಿರಲಿಲ್ಲ. ಗಂಡು ಮಗುವಿನ ನಿರೀಕ್ಷೆ, ಗಂಡನ ಹೊಡೆತ, ಕುಡಿತ, ಸಾಲ, ಹಿಂದೆ ಆದ ಗರ್ಭಪಾತ ಇವೆಲ್ಲ ಅದಕ್ಕೆ ಗೊಬ್ಬರ. ಬೆಂಗಳೂರಿನ ನಿಮ್ಹಾನ್ಸ್ ತಾಯಿ ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕವನ್ನು 2009ರಲ್ಲಿ ತೆರೆಯಿತು. ದೇಶದಲ್ಲೇ ಇಂಥ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು 1987ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಎಡಿನ್‌ಬರೋ ಪಟ್ಟಿ ಕನ್ನಡದಲ್ಲೂ ಇದೆ. ಕಳೆದ ಏಳು ದಿನ ಹೇಗಿದ್ದೆ ಎಂದಷ್ಟೇ ಅದು ಕೇಳುತ್ತದೆ, ಐದು ನಿಮಿಷದ ಕೆಲಸ. ಮಗುವಿಗೆ ಲಸಿಕೆ ಹಾಕಿಸಲು ಬಂದ ತಾಯಿಗೆ ಆ ಐದು ನಿಮಿಷ ಕೊಡುವುದನ್ನು ಎಲ್ಲೆಡೆ ರೂಢಿ ಮಾಡಬೇಕು. ಅಲ್ಲಿಯವರೆಗೆ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ.

ಕೂತು ಮಾತಾಡಿದರೆ ಏನಾಗುತ್ತದೆ?

ಹೇಳುವುದಕ್ಕೂ ಮಾತಾಡುವುದಕ್ಕೂ ಇರುವ ವ್ಯತ್ಯಾಸವನ್ನು ಅಳೆದು ತೋರಿಸಿದ ಪ್ರಯೋಗವೊಂದು ನಮ್ಮ ದೇಶದಲ್ಲೇ ನಡೆದಿದೆ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳ ಆದಿವಾಸಿ ಹಳ್ಳಿಗಳಲ್ಲಿ 2005ರಿಂದ 2008ರವರೆಗೆ ‘ಏಕ್‌ಜುಟ್’ ಸಂಸ್ಥೆ ಹೆಂಗಸರ ಗುಂಪುಗಳನ್ನು ತಿಂಗಳಿಗೊಮ್ಮೆ ಸೇರಿಸಿತು. ನಡೆಸಿಕೊಡುವವಳು ಅದೇ ಭಾಗದ ಹೆಂಗಸು, ಡಾಕ್ಟರ್ ಅಲ್ಲ. ಅವಳು ಪಾಠ ಮಾಡುತ್ತಿರಲಿಲ್ಲ. ಚಿತ್ರದ ಕಾರ್ಡು, ಕಥೆ, ಆಟಗಳನ್ನು ಮುಂದಿಟ್ಟು ‘ನಮ್ಮೂರಲ್ಲಿ ಹೀಗಾದಾಗ ಏನಾಯಿತು, ಯಾಕಾಯಿತು, ಏನು ಮಾಡಬಹುದಿತ್ತು?’ ಎಂದು ಕೇಳುತ್ತಿದ್ದಳು. ದಾರಿಯನ್ನು ಹೆಂಗಸರೇ ಹುಡುಕಿಕೊಂಡರು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮೂರು ವರ್ಷದಲ್ಲಿ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಶೇ 32ರಷ್ಟು ಕಡಿಮೆಯಾಗಿತ್ತು. ಮೂರನೆಯ ವರ್ಷದಲ್ಲಿ ತಾಯಂದಿರ ಮಧ್ಯಮ ಪ್ರಮಾಣದ ಖಿನ್ನತೆಯೂ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು.

ಭಾರತ, ನೇಪಾಳ, ಬಾಂಗ್ಲಾದೇಶ, ಮಲಾವಿಗಳ ಇಂಥ ಏಳು ಪ್ರಯೋಗಗಳನ್ನು 2013ರಲ್ಲಿ ಒಟ್ಟಿಗೆ ನೋಡಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಊರಿನ ಬಸುರಿಯರಲ್ಲಿ ಶೇ 30ಕ್ಕೂ ಹೆಚ್ಚು ಮಂದಿ ಗುಂಪಿಗೆ ಬಂದ ಕಡೆ ಮಾತ್ರ ಪರಿಣಾಮ ದೊಡ್ಡದು, ತಾಯಂದಿರ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಕಡಿಮೆ ಮಂದಿ ಬಂದ ಕಡೆ ಅಷ್ಟು ಗುಣ ಕಾಣಲಿಲ್ಲ. ಒಬ್ಬೊಬ್ಬಳನ್ನೇ ಕರೆದು ಹೇಳಿದರೆ ಅವಳು ಮನೆಗೆ ಹೋಗಿ ಒಬ್ಬಳೇ ವಾದಿಸಬೇಕು. ಹತ್ತು ಮಂದಿ ಕೂತು ಒಪ್ಪಿದ ಮಾತು ಊರಿನ ಮಾತಾಗುತ್ತದೆ.

ನಮ್ಮಲ್ಲಿ ಇದಕ್ಕೆ ಬೇಕಾದ ವೇದಿಕೆ ಸಿದ್ಧವಾಗಿದೆ. ಅಂಗನವಾಡಿಗಳಲ್ಲಿ ಸಾಮೂಹಿಕ ಸೀಮಂತ ನಡೆಯುತ್ತದೆ. ಬಸುರಿಯರು, ಅತ್ತೆಯರು, ಅವ್ವಂದಿರು ಒಂದೇ ಚಾಪೆಯ ಮೇಲೆ ಕೂರುವ ಅಪರೂಪದ ದಿನ ಅದು. ಬಳೆ ತೊಡಿಸಿ, ಫೋಟೊ ತೆಗೆದು, ಭಾಷಣ ಮಾಡಿ ಕಳಿಸುವ ಬದಲು ಭಾಷಣದ ಅರ್ಧ ಗಂಟೆಯನ್ನು ಪ್ರಶ್ನೆಗಳಿಗೆ ಬಿಡಬಹುದು. ಸ್ತ್ರೀಶಕ್ತಿ ಸಂಘಗಳ ಜಾಲವೂ ಊರೂರಿನಲ್ಲಿದೆ. ಗಂಡಂದಿರನ್ನು ಇದರೊಳಗೆ ತರುವುದು ಹೇಗೆಂಬುದು ಮಾತ್ರ ಇನ್ನೂ ಬಿಡಿಸಬೇಕಾದ ಕಗ್ಗಂಟು.

ತಿಳಿವಳಿಕೆಯ ಮಿತಿ

ಒಂದು ಎಚ್ಚರಿಕೆ ಬೇಕು. ಆರೋಗ್ಯ ಶಿಕ್ಷಣದ ಮಾತು ಎತ್ತಿದಾಗಲೆಲ್ಲ ತಪ್ಪು ಹೆಂಗಸಿನ ಅಜ್ಞಾನದ್ದೇ ಎಂಬ ಧಾಟಿ ನುಸುಳಿಬಿಡುತ್ತದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಐ.ವಿ. ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯವ್ಯಾಪಿ ಪ್ರಶ್ನೆ ಎದ್ದಿತು. ಆ ತಾಯಂದಿರು ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೇ ಹೋಗಿದ್ದರು. ಎಷ್ಟು ತಿಳಿದುಕೊಂಡರೂ ಬಾಟಲಿಯೊಳಗೆ ಏನಿದೆ ಎಂದು ಬಸುರಿ ಪರೀಕ್ಷಿಸಲಾರಳು. ಅದು ಸರ್ಕಾರದ ಹೊಣೆ. ರಾಜ್ಯದ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೀದಿಗಿಳಿಯಬೇಕಾದ ಸ್ಥಿತಿಯಲ್ಲಿ ಅವರಿಂದ ಮನೆಮನೆಯಲ್ಲಿ ಸಮಾಧಾನದ ಮಾತುಕತೆ ನಿರೀಕ್ಷಿಸುವುದೂ ನ್ಯಾಯವಲ್ಲ.

ಹೀಗಿದ್ದೂ ನಾಳೆ ಬೆಳಿಗ್ಗೆಯೇ ಆರಂಭಿಸಬಹುದಾದ, ಬಜೆಟ್ ಬೇಡದ ಬದಲಾವಣೆ ಒಂದಿದೆ. ತಪಾಸಣೆ ಕೋಣೆಯಲ್ಲಿ ‘ಹೇಗಿದ್ದೀಯಮ್ಮ?’ ಎಂದು ವೈದ್ಯರು ಕೇಳಿದಾಗ ಉತ್ತರ ಬರುವುದು ಸಾಮಾನ್ಯವಾಗಿ ಪಕ್ಕದಲ್ಲಿ ನಿಂತವರಿಂದ. ‘ಚೆನ್ನಾಗಿದ್ದಾಳೆ ಮೇಡಂ, ಊಟ ಮಾತ್ರ ಸರಿಯಾಗಿ ಮಾಡಲ್ಲ’ ಎಂದು ಅತ್ತೆಯೋ ಗಂಡನೋ ಮುಗಿಸಿಬಿಡುತ್ತಾರೆ. ಪ್ರತಿ ಭೇಟಿಯಲ್ಲಿ ಎರಡು ನಿಮಿಷ ಅವಳೊಬ್ಬಳನ್ನೇ ಕೂರಿಸಿಕೊಂಡು, ಅವಳಿಗಿರುವ ಪ್ರಶ್ನೆ ಏನೆಂದು ಕೇಳಿ, ಅದನ್ನು ತಾಯಿ ಕಾರ್ಡಿನಲ್ಲಿ ತೂಕ, ಬಿ.ಪಿ.ಯ ಪಕ್ಕ ಬರೆದುಕೊಳ್ಳುವಂತಾಗಲಿ. ಬರೆದುಕೊಂಡ ಪ್ರಶ್ನೆಗೆ ಮುಂದಿನ ಭೇಟಿಯೊಳಗೆ ಯಾರಾದರೊಬ್ಬರು ಉತ್ತರ ಕೊಡಲೇಬೇಕಾಗುತ್ತದೆ. ತಲೆನೋವನ್ನೂ ಭಯವನ್ನೂ ಹೇಳಿಕೊಂಡರೆ ಕೇಳಿಸಿಕೊಳ್ಳುತ್ತಾರೆ ಎಂಬುದು ಒಮ್ಮೆ ರುಜುವಾತಾದರೆ, ಎಂಟನೆಯ ತಿಂಗಳಲ್ಲಿ ಕಣ್ಣು ಮಂಜಾದ ರಾತ್ರಿ ಅವಳು ಬೆಳಗಾಗಲಿ ಎಂದು ಕಾಯುವುದಿಲ್ಲ.